ಐರ್ಲೆಂಡಿಗೆ ಹೊರಟ ಕಂಬಳಿ

ಅಂಜನಕುಮಾರನಿಗೆ ಬಯಲಲ್ಲಿ ಮಲಗುವುದೆಂದರೆ ಮೊದಲಿನಿಂದಲೂ ಆಗದು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು ಊರೆದುರು ಹೇಳಿಕೊಳ್ಳುವ ಮಾತಲ್ಲ ಇದು. ಚಿಕ್ಕವನಿದ್ದಾಗ ಅಪ್ಪ ಶಿವಯ್ಯ ಒಮ್ಮೆ ಅವನನ್ನು ಕೃಷ್ಣೆಯ ದಂಡೆಗೆ, ರಾತ್ರಿಗೆ ಕುರಿ ತರುಬಿ ನಿಲ್ಲಿಸಿದ್ದ ಹೊಲಕ್ಕೆ ಕರೆದೊಯ್ದಿದ್ದ. ಹೊತ್ತು ಮುಳುಗಿತು, ದೂರದಲ್ಲೊಂದು ನರಿ ಕೂಗಿತು. ಕುರಿಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ಕುರುಬನ ಮಗ ಮಾತ್ರ ಓಡಿಹೋಗಿ ಒಂದು ಟಗರಿನ ಹೊಟ್ಟೆಯಡಿ ನುಸುಳಿಕೊಂಡ. ಟಗರು ಗಾಬರಿಬಿದ್ದು ಓಡಿತು, ಅದರ ಹಿಂದೆ ಮಂದೆಯೆಲ್ಲ ಓಡಿತು. ಅಂದಿನಿಂದ ಅಂಜನಕುಮಾರ ತಲೆಯ ಮೇಲೆ ಸೂರು ಇರುವ ಕಸುಬನ್ನೇ ನೆಚ್ಚಿ, ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟು, ಫ್ಯಾನಿನ ಕೆಳಗೆ ಸುಖವಾಗಿದ್ದ.

ಅಂಥವನಿಗೆ ಈಗ ಡೇರೆ ಕೊಳ್ಳುವ ಕಾಲ ಬಂತು ನೋಡಿ. ಅವನ ಹೆಂಡತಿ ಅಖಿಲಾ ನಾರಾಯಣಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು, ಗಂಡನಿಗೂ ಜೊತೆಯಲ್ಲಿ ವೀಸಾ ಬಂತು. ಗದ್ವಾಲದ ಗೆಳತಿ ಝಾನ್ಸಿ ಮೊದಲೇ ಅಲ್ಲಿಗೆ ಹೋದವಳು, ಇವರಿಗಾಗಿ ಒಂದು ಬಾಡಿಗೆ ಮನೆ ಹಿಡಿದು ಫೋನು ಮಾಡಿದಳು. "ಮನಿ ಚಂದ ಐತಿ, ಆದ್ರ ಪೂರಾ ಖಾಲಿ. ಮಂಚ ಇಲ್ಲ, ಒಲಿ ಇಲ್ಲ, ಒಂದು ಬಲ್ಬೂ ಇಲ್ಲ. ಸಾಮಾನು ಕೊಳ್ಳೋತನಕ ಕ್ಯಾಂಪ್ ಹಾಕ್ದಂಗ ಇರಬೇಕು. ಅಂಥಾ ಸಾಮಾನು ಕಟ್ಕೊಂಡು ಬರ್ರಿ."

ಅಖಿಲಾ ರಕ್ತಕ್ಕೆ ಹೆದರುವವಳಲ್ಲ, ಹೆಣಕ್ಕೆ ಹೆದರುವವಳಲ್ಲ, ಹೆರಿಗೆ ವಾರ್ಡಿನ ಅತ್ತೆಯಂದಿರಿಗೂ ಹೆದರುವವಳಲ್ಲ. ಆದರೆ ಖಾಲಿ ಮನೆಯೆಂದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. "ಗೊತ್ತಿಲ್ಲದ ದೇಶದಾಗ ಖಾಲಿ ಮನಿಗೆ ನಾ ಒಬ್ಬಾಕಿ ಕಾಲಿಡಂಗಿಲ್ಲ ನೋಡ್ರಿ. ನೀವು ನನ್ನ ಜೋಡಿ ಒಳಗ ಬರಬೇಕು," ಎಂದಿದ್ದಳು. ಅಂಜನಕುಮಾರ ಎದೆ ಮುಟ್ಟಿಕೊಂಡು ಮಾತು ಕೊಟ್ಟಿದ್ದ. ಮದುವೆಯಾದಾಗಿನಿಂದ ಅವಳು ಅವನ ಹತ್ತಿರ ಕೇಳಿದ್ದು ಇದೊಂದೇ.

ಮುಂದೆ ಹದಿನೈದು ದಿನ ಅವನು ಫೋನಿನಲ್ಲಿ ಬಿಳಿ ಮಂದಿ ಬೆಟ್ಟದ ಮೇಲೆ ಮಲಗುವುದನ್ನು ನೋಡಿದ್ದೇ ನೋಡಿದ್ದು. ನೋಡಿದ್ದನ್ನೆಲ್ಲ ತರಿಸಿದ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಡೇರೆ, ಊದಿ ಉಬ್ಬಿಸುವ ಗಾಳಿ ಹಾಸಿಗೆ, ಜಿಪ್ಪು ಹಾಕಿಕೊಂಡು ಒಳಗೆ ಮಲಗುವ ಚೀಲ, ಅಂಗೈಯಗಲದ ಒಲೆ, ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪ, ಮಡಚುವ ಕುರ್ಚಿ. ಶಿವಯ್ಯ ಆ ಮಲಗುವ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮರಿ ಹೊರಾಕ ಚಲೋ ಐತಿ. ನಾಲ್ಕು ಮರಿ ಹಿಡಸ್ತಾವ," ಎಂದ. ಮನುಷ್ಯರು ಅದರಲ್ಲಿ ಮಲಗುತ್ತಾರೆಂದರೆ ಅವನು ಕಡೆಯವರೆಗೂ ನಂಬಲಿಲ್ಲ.

ಪಕ್ಕದ ಮನೆಯ ಬೋರ್‌ವೆಲ್ ಮೆಕ್ಯಾನಿಕ್ ಎಂಕಪ್ಪನಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಅವನು ಒಮ್ಮೆ ಮುಂಬಯಿಗೆ ಹೋಗಿ ಬಂದವನು, ಹಾಗಾಗಿ ಪರದೇಶದ ವಿಚಾರದಲ್ಲಿ ಓಣಿಗೆಲ್ಲ ಅವನೇ ಪ್ರಮಾಣ. "ಏರ್ ಅಂದ್ರ ವಿಮಾನ, ಲ್ಯಾಂಡ್ ಅಂದ್ರ ಇಳಿಯೋದು. ಏರ್‌ಲ್ಯಾಂಡ್ ಅಂದ್ರ ವಿಮಾನ ಇಳಿಯೋ ಮೈದಾನ. ಅಲ್ಲಿ ಮನಿ ಎಲ್ಲಿಂದ ಬರ್ಬೇಕು? ಡೇರೇನ ಗತಿ," ಎಂದು ಓಣಿಯವರಿಗೆಲ್ಲ ತಿಳಿಸಿ ಹೇಳಿದ.

ಇಷ್ಟಾದರೂ ಅಡ್ಡಿಯಿರಲಿಲ್ಲ. ಗೋಳು ಶುರುವಾದದ್ದು ಕಂಬಳಿಯಿಂದ.

ಮನೆತನದ ಕರಿ ಕಂಬಳಿ ಅದು. ಶಿವಯ್ಯನ ಅಪ್ಪ ಹೊದ್ದದ್ದು, ಆಮೇಲೆ ಶಿವಯ್ಯ ಮಳೆಗೆ ಚಳಿಗೆ ಹೊದ್ದದ್ದು. ಎತ್ತಿದರೆ ಒಂದು ಹೋತದ ಭಾರ, ಮುಟ್ಟಿದರೆ ಮುಳ್ಳು. ಅದನ್ನು ಮಗನ ಕೈಗೆ ಕೊಟ್ಟು ಶಿವಯ್ಯ ಹೇಳಿದ್ದ, "ಹೊಳಿ ದಾಟೋ ಕುರುಬ ಹೆಂಡ್ತೀನ ಬಿಟ್ಟಾನು, ಕಂಬಳಿ ಬಿಡಂಗಿಲ್ಲ. ನೀ ಸಮುದ್ರ ದಾಟಾಂವ. ಇದನ್ನ ಬಿಟ್ಟು ಹೋಗಬ್ಯಾಡ ಮಗನ."

ಮಾವನ ಕಣ್ಣಲ್ಲಿ ನೀರಾಡಿದ್ದು ನೋಡಿ ಅಖಿಲಾ ತನ್ನ ಕುಕ್ಕರನ್ನೂ ಎರಡು ನಾರಾಯಣಪೇಟೆ ಸೀರೆಗಳನ್ನೂ ಬ್ಯಾಗಿನಿಂದ ತೆಗೆದು ಕಂಬಳಿಗೆ ಜಾಗ ಮಾಡಿಕೊಟ್ಟಳು. ಅಂಜನಕುಮಾರ ಏನು ಮಾಡಿದ ಗೊತ್ತೇ? ಮರುದಿನ ರಾಯಚೂರಿಗೆ ಹೋಗಿ, ನೋಡಲು ಥೇಟ್ ಅದರಂತೆಯೇ ಇರುವ, ಅದೇ ಬಿಳಿ ಅಂಚಿನ ಒಂದು ಪಾಲಿಯೆಸ್ಟರ್ ಹೊದಿಕೆ ತಂದ. "ಅಸಲಿಗೂ ಇದಕ್ಕೂ ಫರಕ್ ಗೊತ್ತಾಗಂಗಿಲ್ರಿ," ಎಂದಿದ್ದ ಅಂಗಡಿಯವನು. ಹೂವಿನಷ್ಟು ಹಗುರ. ಅದನ್ನು ಬ್ಯಾಗಿಗೆ ಹಾಕಿ, ಅಸಲಿ ಕಂಬಳಿಯನ್ನು ಕಬ್ಬಿಣದ ಟ್ರಂಕಿನ ತಳದಲ್ಲಿ ಮುಚ್ಚಿಟ್ಟು, ಉಳಿದ ಭಾರಕ್ಕೆ ಡೇರೆಯನ್ನೂ ಕುರ್ಚಿಯನ್ನೂ ತುಂಬಿದ. ಅಪ್ಪನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಳುವ ಮುಖವೂ ಇರಲಿಲ್ಲ.

ಹೊರಡುವ ದಿನ ಬಂತು. ಸಂಜೆ ಕಾರು, ರಾತ್ರಿ ಶಂಶಾಬಾದಿನಿಂದ ವಿಮಾನ. ಬೆಳಗ್ಗೆ ಅಂಜನಕುಮಾರ ಎದ್ದು ಅಂಗಳಕ್ಕೆ ಬರುವಷ್ಟರಲ್ಲಿ ಶಿವಯ್ಯ ಬ್ಯಾಗು ಬಿಚ್ಚಿ ಕಂಬಳಿ ತೆಗೆದು ಪೂರ್ವಕ್ಕೆ ಮುಖ ಮಾಡಿ ಹಾಸಿಬಿಟ್ಟಿದ್ದ. ಗುಟ್ಟು ಬಯಲಾಯಿತೆಂದು ಮಗ ಅಲ್ಲೇ ನಿಂತ.

"ಗಾಳಿ ಆಡ್ಲಿ ಅಂತ ಹಾಸೀನಿ. ಎತ್ತಿ ನೋಡು, ಎಷ್ಟು ಭಾರ ಐತಿ. ಹಳೀ ಮಾಲು ಅಂದ್ರ ಹಳೀ ಮಾಲು," ಎಂದು ಶಿವಯ್ಯ ಕಂಬಳಿಯ ಮೇಲೆ ಕೈಯಾಡಿಸಿದ.

ಪಾಪ, ಅಪ್ಪನ ಕೈ ಸೋತಿದೆ, ಹೂವೂ ಭಾರವಾಗಿ ಕಾಣುತ್ತಿದೆ ಎಂದು ಅಂಜನಕುಮಾರನಿಗೆ ಮರುಕ ಹುಟ್ಟಿತು. ಜೊತೆಗೇ ನಿಟ್ಟುಸಿರೂ ಬಂತು. ಆಯುಷ್ಯವೆಲ್ಲ ಕಂಬಳಿ ಹೊದ್ದ ಕೈಗೇ ಗೊತ್ತಾಗಲಿಲ್ಲವೆಂದರೆ ಇನ್ನಾರಿಗೆ ಗೊತ್ತಾದೀತು?

ಬ್ಯಾಗುಗಳ ತೂಕ ಇನ್ನೂ ಜಾಸ್ತಿಯಿತ್ತು, ಏನಾದರೂ ಬಿಡಲೇಬೇಕಿತ್ತು. ಅಂಗಳದ ಧೂಳು ಹತ್ತದಿರಲೆಂದು ಅವನು ಸಾಮಾನನ್ನೆಲ್ಲ ಆ ಕಂಬಳಿಯ ಮೇಲೆಯೇ ಹರವಿದ. ಗಾಳಿ ಹಾಸಿಗೆ ಊದಿ ನಡುವೆ ಹಾಕಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮರೆಯದಿರಲೆಂದು ಪಾಸ್‌ಪೋರ್ಟನ್ನು ಮೊಣಕಾಲ ಬಳಿ ಇಟ್ಟುಕೊಂಡ. ಡೇರೆ ಬಿಡಲೋ, ಕುರ್ಚಿ ಬಿಡಲೋ? ಒಲೆ ಒಯ್ದರೆ ಅದರ ಗ್ಯಾಸು ವಿಮಾನದಲ್ಲಿ ಬಿಡುವುದಿಲ್ಲ. ಗ್ಯಾಸಿಲ್ಲದ ಒಲೆ ಯಾತಕ್ಕೆ? ಬ್ಯಾಟರಿಯನ್ನು ಹಣೆಗೆ ಕಟ್ಟಿ, ಹೊತ್ತಿಸಿ, ತಲೆ ತಗ್ಗಿಸಿ ಅದರ ಕಾಗದ ಓದತೊಡಗಿದ.

ಅದೇ ಹೊತ್ತಿಗೆ ಅವನ ತಾಯಿ ಮೈಲಮ್ಮ ಬೀರಪ್ಪನ ಗುಡಿಯಿಂದ ಸೆರಗಿನಲ್ಲಿ ಭಂಡಾರ ಕಟ್ಟಿಕೊಂಡು ಬಂದಳು. ಅವಳಿಗೆ ಕಣ್ಣು ಮಂಜು. ಕಂಡದ್ದಿಷ್ಟು: ಪೂರ್ವಕ್ಕೆ ಹಾಸಿದ ಕರಿ ಕಂಬಳಿ, ಅದರ ನಡುವೆ ಎತ್ತರದಲ್ಲಿ ಕೂತ ಮಗ, ಬಾಗಿದ ತಲೆ, ಹಣೆಯಲ್ಲಿ ಝಗ್ಗನೆ ಬೆಳಕು. ಗುಡಿಯ ಕಡೆ ತಲೆ ಹಾಕದ ಮಗ ಹೊರಡುವ ದಿನ ತಾನಾಗಿ ಗದ್ದುಗೆ ಹಾಕಿ ಕೂತಿದ್ದಾನೆಂದು ಅವಳ ಕರುಳು ತುಂಬಿ ಬಂತು. "ಏಳುಕೋಟಿ, ಏಳುಕೋಟಿ," ಎನ್ನುತ್ತ ಸೆರಗಿನ ಅರಿಶಿನವನ್ನೆಲ್ಲ ಮಗನ ತಲೆಯ ಮೇಲೂ ಕಂಬಳಿಯ ಮೇಲೂ ತೂರಿಬಿಟ್ಟಳು.

ಅಂಜನಕುಮಾರ ಸೀನಿದ. ಹಳದಿ ಮುಖದವನು ಏಳಲು ಹೊರಟ.

"ಏಳಬ್ಯಾಡ," ಎಂದು ಶಿವಯ್ಯ ಗುಡುಗಿದ. "ಕಂಬಳಿ ಮ್ಯಾಲ ಭಂಡಾರ ಬಿತ್ತು. ಇನ್ನ ಅದು ಕಂಬಳಿ ಅಲ್ಲ, ಗದ್ದುಗಿ. ದೇವರು ಕುಂತಾನ."

"ನಾನೂ ಕುಂತೀನಲ್ಲಪ್ಪ."

"ಅದಕ್ಕ ಹೇಳಾಕತ್ತೀನಿ. ಪೂಜಾರಿ ಬಂದು ಗದ್ದುಗಿ ಎತ್ತೋತನಕ ಅದರ ಮ್ಯಾಲಿಂದು ಒಂದು ಕಡ್ಡೀನೂ ಕೆಳಗ ಇಳಿಯಂಗಿಲ್ಲ. ನಿನ್ನ ಪಾಸ್‌ಪೋರ್ಟೂ ಇಲ್ಲ, ನೀನೂ ಇಲ್ಲ."

ಅವರ ಮನೆತನದ ಕಟ್ಟು ಅದು. ಮುತ್ತಜ್ಜನ ಕಾಲದಿಂದ ಯಾರೂ ಮುರಿದದ್ದಿಲ್ಲ. ಒಳಗಿನಿಂದ ಓಡಿಬಂದ ಅಖಿಲಾ ಹಣೆ ಹಣೆ ಬಡಿದುಕೊಂಡಳು, ಆದರೆ ಅವಳೂ ಬೀರಪ್ಪನ ಒಕ್ಕಲಿನವಳೇ, ಎದ್ದು ಬರ್ರಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. "ಪೂಜಾರಿ ವೆಂಕಟಯ್ಯನ್ನ ಜಲ್ದಿ ಕರೆಸ್ರಿ ಮಾವಾ. ಸಂಜಿಕ ಕಾರು ಬರ್ತೈತಿ."

ವೆಂಕಟಯ್ಯನಿಗೆ ಫೋನು ಹಚ್ಚಿದರೆ ಅದು ಅವನ ಮನೆಯ ಗೂಡಿನಲ್ಲೇ ರಿಂಗಾಯಿತು. ಪೂಜಾರಿ ಧರೂರಿಗೆ ಹೋಗಿದ್ದಾನೆ, ಯಾರೋ ಹೊಸ ಕುರಿ ತಂದಿದ್ದಾರೆ, ಅವಕ್ಕೆ ಭಂಡಾರ ಹಾಕಿ ಬರುತ್ತಾನೆ ಎಂದಳು ಅವನ ಹೆಂಡತಿ. ಎಂಕಪ್ಪ ಮೋಟಾರ್‌ಸೈಕಲ್ಲಿಗೆ ಒದ್ದ. "ನೀ ಏನೂ ಫಿಕರ್ ಮಾಡಬ್ಯಾಡ ಅಂಜನಪ್ಪ. ಜೂರಾಲ ಡ್ಯಾಮ್ ದಾಟಿದ್ರ ಧರೂರು. ಹಿಂಗ ಹೋಗಿ ಹಂಗ ಕರ್ಕೊಂಡು ಬರ್ತೀನಿ."

ಅಂಜನಕುಮಾರ ಮನಸ್ಸಿನೊಳಗೇ ನಕ್ಕ. ಅವನಿಗೆ ಗೊತ್ತಿತ್ತು, ಇದು ಗದ್ದುಗೆಯೂ ಅಲ್ಲ, ಗಿದ್ದುಗೆಯೂ ಅಲ್ಲ. ದೇವರು ಕೂರುವುದು ಕುರಿ ಉಣ್ಣೆಯ ಮೇಲೆ, ರಾಯಚೂರಿನ ಪಾಲಿಯೆಸ್ಟರ್ ಮೇಲಲ್ಲ. ಇದು ನಕಲಿ ಎಂದು ಒಂದು ಮಾತು ಹೇಳಿದರೆ ಈಗಲೇ ಎದ್ದು ಹೋಗಬಹುದು. ಆದರೆ ಆ ಒಂದು ಮಾತು ಹೇಳುವುದು ಹೇಗೆ? ಅಪ್ಪ ಎದುರಿಗೇ ಕೈಮುಗಿದು ಕೂತಿದ್ದಾನೆ. ಕುಕ್ಕರ್ ಬಿಟ್ಟುಕೊಟ್ಟ ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ. ಪೂಜಾರಿ ಬಂದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಅರ್ಧ ದಿನ ಕೂತರೆ ತನ್ನ ಗಂಟೇನು ಹೋಗುತ್ತದೆ ಎಂದು ಗಟ್ಟಿಯಾಗಿ ಕೂತ. ಹಾಸಿಗೆಯಿಂದ ಇಳಿಬಿಟ್ಟ ಕಾಲಿನ ಹರಡಿಗೆ ಕಂಬಳಿ ಚುಚ್ಚುತ್ತಿತ್ತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅಸಲಿಯಂತೆಯೇ ಚುಚ್ಚುತ್ತಿದೆ, ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ ಎಂದುಕೊಂಡ.

ಬಿಸಿಲೇರಿತು. ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಮೊದಲು ಬಂದವಳು ಎದುರು ಮನೆಯ ಚನ್ನವೀರಮ್ಮ, ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಮಜ್ಜಿಗೆ ಕುಡಿದರೆ ಮುಂದಿನ ಗತಿ ಏನು ಎಂದು ಹೆದರಿ ಅಂಜನಕುಮಾರ ಬ್ಯಾಡ ಬ್ಯಾಡ ಎಂದು ಕೈಯಾಡಿಸಿದ. ನೆರಳಿಗಾದರೂ ಇರಲೆಂದು ಡೇರೆಯ ಪಟ್ಟಿ ಬಿಚ್ಚತೊಡಗಿದ.

ಚನ್ನವೀರಮ್ಮ ಹೋಗಲಿಲ್ಲ. ಭಂಡಾರ ಹತ್ತಿದ ಹಣೆ, ಅದರಲ್ಲಿ ಉರಿಯುವ ಬೆಳಕು ನೋಡಿ ಅವಳಿಗೆ ಭಕ್ತಿ ಬಂದಿತ್ತು. ಮೆಲ್ಲಗೆ ಕೇಳಿದಳು, "ನಮ್ಮ ಎಮ್ಮಿ ದಿನ ತುಂಬಿ ಕುಂತೈತಿ. ಈಯಾಕ ತಡ ಮಾಡಾಕತ್ತೈತಿ. ಏನಾರ ಒಂದು ನುಡಿ ಹೇಳಪ್ಪ."

ಅಂಜನಕುಮಾರನ ಗಮನ ಡೇರೆಯ ಮೇಲಿತ್ತು. "ಒಳಗಿಂದ ಒಮ್ಮೆ ಜೋರಾಗಿ ದಬ್ಬಿದ್ರ ತಾನಾಗೇ ಬಿಚ್ಕೊಂತೈತಿ," ಎಂದ, ಕಾಗದ ನೋಡುತ್ತ.

ಹಾಗೆಯೇ ದಬ್ಬಿದ. ಡೇರೆ ಭರ್ರೆಂದು ಬಿಚ್ಚಿಕೊಂಡು ಅವನನ್ನು ನುಂಗಿತು, ಚನ್ನವೀರಮ್ಮನ ತಂಬಿಗೆಗೆ ಬಡಿದು ಮಜ್ಜಿಗೆಯನ್ನು ಕಂಬಳಿಯ ಮೇಲೆ ಚೆಲ್ಲಿತು. ಮಜ್ಜಿಗೆ ಇಂಗಲಿಲ್ಲ, ಮುತ್ತು ಮುತ್ತಾಗಿ ಉರುಳಿ ಹೋಯಿತು. ವಾಟರ್‌ಪ್ರೂಫ್ ಕೂಡ ಹೌದು ಎಂದು ಡೇರೆಯ ಒಳಗಿನಿಂದ ಅಂಜನಕುಮಾರ ಮತ್ತೊಮ್ಮೆ ಅಂಗಡಿಯವನನ್ನು ಮೆಚ್ಚಿಕೊಂಡ.

ಚನ್ನವೀರಮ್ಮ ಮನೆಗೆ ಹೋಗಿ ನೋಡುತ್ತಾಳೆ, ಎಮ್ಮೆ ಈಯುತ್ತಿದೆ.

ಆಮೇಲೆ ಕೇಳಬೇಕೇ. ಊಟದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಡೇರೆಯೊಳಗಿನ ದೇವರಿಗೆ ಕಾಯಿ ಒಡೆಯುವವರು, ಲಿಂಬೆಹಣ್ಣು ಇಡುವವರು, ಮಗಳ ಲಗ್ನ ಕೇಳುವವರು, ಬೋರಿಗೆ ನೀರು ಬೀಳುವ ಜಾಗ ಕೇಳುವವರು. ಅವನು ಬೆವರು ಒರೆಸಿಕೊಳ್ಳಲು ಮಲಗುವ ಚೀಲ ಎತ್ತಿದರೆ ಅದಕ್ಕೊಂದು ಅರ್ಥ, ಬೇಸತ್ತು ಕುರ್ಚಿ ಬಿಚ್ಚಿದರೆ ಅದಕ್ಕೊಂದು ಅರ್ಥ. ಕುರ್ಚಿ ಬಿಚ್ಚಿದ್ದನ್ನು ನೋಡಿ ಒಬ್ಬ ವಾರ್ಡಿನ ಎಲೆಕ್ಷನ್ನಿಗೆ ನಿಲ್ಲುವುದೇ ಸೈ ಎಂದು ಹೋದ. ಮೈಲಮ್ಮ ಬಂದವರಿಗೆಲ್ಲ, "ನನ್ನ ಮಗ ಬೆಳಕು ಹೊತ್ಕೊಂಡು ಕುಂತಿದ್ದ ನೋಡ್ರಿ," ಎಂದು ಹೇಳಿ ಹೇಳಿ ದಣಿದಳು.

ಯಾವ ಸಾಮಾನು ಬೇಕು, ಯಾವುದು ಬೇಡ ಎಂಬ ಪ್ರಶ್ನೆಗಂತೂ ಉತ್ತರ ಸಿಕ್ಕಿತ್ತು. ಕುರ್ಚಿ ಬೆನ್ನು ಮುರಿಯಿತು. ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಗಾಳಿ ಹಾಸಿಗೆ ಸಣ್ಣಗೆ ನಿಟ್ಟುಸಿರು ಬಿಡುತ್ತ ಇಳಿಯುತ್ತಿತ್ತು. ಡೇರೆಯಲ್ಲಿ ಕೂತರೆ ಬೇಯುತ್ತದೆ, ಹೊರಗೆ ತಲೆ ಹಾಕಿದರೆ ಭಕ್ತರು. ಇಡೀ ಅಂಗಡಿ ಹರವಿ ಕೂತವನಿಗೆ ಈಗ ಬೇಕಾಗಿದ್ದುದು ಒಂದೇ, ಹಿತ್ತಲಿಗೆ ಹೋಗುವುದು. ಬೆಳಗ್ಗಿನಿಂದ ಅದುಮಿ ಹಿಡಿದಿದ್ದ.

ಎಂಕಪ್ಪನ ಫೋನು ಬಂತು. "ಧರೂರಿನಾಗ ಇಲ್ಲಪ್ಪ. ಕುರಿಗೆ ಭಂಡಾರ ಹಾಕಿ ಗದ್ವಾಲಕ್ಕ ಹೋಗ್ಯಾನಂತ, ಮಗಳಿಗೆ ಸೀರಿ ತರಾಕ. ನಾ ಗದ್ವಾಲ ಹಿಡೀತೀನಿ."

ಬಿಸಿಲು ಇಳಿಯತೊಡಗಿದಾಗ ಮತ್ತೆ ಫೋನು. "ಸಿಕ್ಕಾನ. ಆದ್ರ ಸೀರಿ ಅಂಗಡ್ಯಾಗ ಕುಂತಾನ, ಏಳವಲ್ಲ. ಜರಿ ಅಂಚು ದೊಡ್ಡದು ತಗೊಳ್ಳೋದೋ ಸಣ್ಣದು ತಗೊಳ್ಳೋದೋ ಅಂತ ಮಧ್ಯಾನದಿಂದ ನೋಡಾಕತ್ತಾನಂತ."

"ಯಾವುದಾರ ಒಂದು ತಗೊಂಡು ಏಳು ಅನ್ನು ಮಾರಾಯ. ಆರಿಸಾಕ ಅಷ್ಟೊತ್ತು ಯಾಕ ಬೇಕು?"

"ನೀ ಹೇಳಬ್ಯಾಡ ಆ ಮಾತು," ಎಂದ ಎಂಕಪ್ಪ.

ಕಡೆಗೆ ಕಾರು ಬಂದೇಬಿಟ್ಟಿತು. ಡ್ರೈವರ್ ಮೌನೇಶ ಹೆಸರಿಗೆ ಮಾತ್ರ ಮೌನಿ, ಬಂದವನೇ ಹಾರ್ನು ಒತ್ತಿದ್ದು ಬಿಡಲಿಲ್ಲ. "ಟೈಮ್ ಅಯ್ಯಿಂದಿ ಅನ್ನಾ, ಹೊತ್ತಾತು. ಹೈದ್ರಾಬಾದ್ ಟ್ರಾಫಿಕ್ ಗೊತ್ತೈತಲ್ಲ. ಈಗ ಬಿಡಲಿಲ್ಲಂದ್ರ ವಿಮಾನ ಸಿಗಂಗಿಲ್ಲ, ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಎಂಕಪ್ಪನಿಗೆ ಫೋನು ಹಚ್ಚಿದರೆ ಎತ್ತುತ್ತಿಲ್ಲ. ಅಖಿಲಾ ತನ್ನ ಕೈಚೀಲ ಎದೆಗವಚಿಕೊಂಡು ನಿಂತಿದ್ದಳು. ಬಯ್ಯಲಿಲ್ಲ, ಅಳಲಿಲ್ಲ. "ಖಾಲಿ ಮನಿರೀ ಅದು," ಎಂದಳಷ್ಟೇ.

ಆ ಒಂದು ಮಾತಿಗೆ ಅಂಜನಕುಮಾರ ಡೇರೆಯಿಂದ ತಲೆ ಹೊರಗೆ ಹಾಕಿದ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಹಾಳಾಗಲಿ, ನಾಚಿಕೆ ಒಂದು ದಿನದ್ದು, ಕೊಟ್ಟ ಮಾತು ಬದುಕಿಡೀ ಇರುವಂಥದು ಎಂದುಕೊಂಡು ಪಾಸ್‌ಪೋರ್ಟು ಹಿಡಿದು ಡೇರೆಯಿಂದ ಹೊರಗೆ ಬಂದ.

"ಅಪ್ಪಾ, ಇದು ನಮ್ಮ ಕಂಬಳಿ ಅಲ್ಲ."

ಭಕ್ತರೆಲ್ಲ ಹತ್ತಿರ ಸರಿದರು.

"ಇದು ಪಾಲಿಯೆಸ್ಟರು. ರಾಯಚೂರಾಗ ಕೊಂಡೀನಿ. ನಿನ್ನ ಕಂಬಳಿ ಭಾರ ಆಗ್ತೈತಿ ಅಂತ ಟ್ರಂಕಿನ್ಯಾಗ ಮುಚ್ಚಿಟ್ಟೀನಿ. ತಪ್ಪಾತು, ಕಾಲಿಗೆ ಬೀಳ್ತೀನಿ. ಪಾಲಿಯೆಸ್ಟರ್ ಮ್ಯಾಲ ದೇವರು ಕುಂದ್ರಂಗಿಲ್ಲ. ನಾ ಹೋಗಿ ಬರ್ತೀನಪ್ಪ."

ಹಾಗೆಂದವನೇ ಕಂಬಳಿಯಿಂದ ಕೆಳಗಿಳಿದು ನೆಲದ ಮೇಲೆ ಕಾಲಿಟ್ಟ. ನಿಜಕ್ಕೂ ಅಪ್ಪನ ಕಾಲಿಗೆ ಬಿದ್ದ. ಶಿವಯ್ಯ ಅವನನ್ನು ಹಿಡಿದೆತ್ತಿ, "ಅಷ್ಟು ಭಾರ ಆಗಿತ್ತೇನು ನಿಂಗ," ಎಂದ. ಬಯ್ದಿದ್ದರೆ ಸಹಿಸಬಹುದಿತ್ತು.

ಅಖಿಲಾ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. "ಯಾಕ ಇಳಿದ್ರಿ? ನಂಗ ಒಂದು ಮಾತು ಕೇಳಿ ಇಳೀಬಾರದೇನ್ರೀ?"

"ಏನು ಕೇಳೋದು?"

ಉತ್ತರ ಬರುವ ಮುಂಚೆ ಎಂಕಪ್ಪನ ಮೋಟಾರ್‌ಸೈಕಲ್ಲು ಅಂಗಳಕ್ಕೆ ನುಗ್ಗಿತು. ಹಿಂದೆ ಪೂಜಾರಿ ವೆಂಕಟಯ್ಯ, ಅವನ ತೊಡೆಯ ಮೇಲೆ ಸೀರೆಯ ಡಬ್ಬಿ. "ಬಂದ್ವಿ ನೋಡ್ರಿ," ಎಂದ ಎಂಕಪ್ಪ, ಯುದ್ಧ ಗೆದ್ದವನ ಹಾಗೆ.

ವೆಂಕಟಯ್ಯ ನಡೆದದ್ದನ್ನೆಲ್ಲ ಕೇಳಿಸಿಕೊಂಡ. ನಕಲಿ ಕಂಬಳಿ ಎಂಬ ಮಾತು ಬಂದಾಗ ಹುಬ್ಬೇರಿಸಿದ. ಬಾಗಿ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟ. ಕೂದಲು ಸುಟ್ಟ ವಾಸನೆ ಅಂಗಳದ ತುಂಬ ಹಬ್ಬಿತು.

"ಇದು ಪಾಲಿಯೆಸ್ಟರ್ ಅಂದಾಂವ ಯಾಂವ?" ಎಂದ ಪೂಜಾರಿ. "ಅಪ್ಪಟ ಉಣ್ಣಿ ಐತಿ. ಇಂಥಾ ಕಂಬಳಿ ಈಗ ಯಾರೂ ನೇಯಂಗಿಲ್ಲ."

ಅಂಜನಕುಮಾರ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತ ಹೇಳಿದಳು, "ನಾನ ಬದಲಿ ಮಾಡೀನ್ರೀ. ಮೊನ್ನಿ ಸರ್ಟಿಫಿಕೇಟ್ ಹುಡುಕಾಕ ಟ್ರಂಕು ತೆಗೆದಾಗ ಕಂಬಳಿ ಸಿಕ್ತು. ನೀವು ಮಾಡಿದ್ದು ತಿಳೀತು. ಮಾವಗ ಗೊತ್ತಾದ್ರ ನೊಂದ್ಕೊಂತಾರ, ನಿಮಗ ಹೇಳಿದ್ರ ನಾಚ್ಕೊಂತೀರಿ ಅಂತ ಸುಮ್ನ ಅಸಲಿ ಬ್ಯಾಗಿಗೆ ಹಾಕಿ, ನಕಲಿ ಟ್ರಂಕಿಗೆ ಹಾಕಿದೆ. ಅಲ್ಲಿ ಹೋಗಿ ಬಿಚ್ಚಿದಾಗ ನೋಡಿ ನಗ್ತೀರಿ ಅನ್ಕೊಂಡಿದ್ದೆ."

ಅಂಗಳದಲ್ಲಿ ಯಾರೂ ನಗಲಿಲ್ಲ. ಭಾರ ಎಂದ ಅಪ್ಪ, ಕಾಲಿಗೆ ಚುಚ್ಚಿದ ಎಳೆ, ಉರುಳಿದ ಮಜ್ಜಿಗೆ ಒಂದೊಂದಾಗಿ ಅಂಜನಕುಮಾರನ ತಲೆಗೆ ಬಂದವು. ಇಡೀ ದಿನ ಕಂಬಳಿ ತಾನು ಯಾರೆಂದು ಹೇಳುತ್ತಲೇ ಇತ್ತು, ಇವನು ಅಂಗಡಿಯವನನ್ನು ಹೊಗಳುತ್ತ ಕೂತಿದ್ದ.

ಪೂಜಾರಿ ಕೈ ಕಟ್ಟಿಕೊಂಡು ಹೇಳಿದ, "ಇಳಿಯದಂಗ ಕುಂತಿದ್ರ ಈಗ ಎರಡು ಮಾತು ಹೇಳಿ, ಗದ್ದುಗಿ ಎತ್ತಿ, ಕಾರು ಹತ್ತಸ್ತಿದ್ದೆ. ಇಳಿದುಬಿಟ್ಟಿ. ಇಳಿದಾಂವ ಮತ್ತ ಏರಿ ಕುಂತು ಒಂದು ರಾತ್ರಿ ಕಾಯಬೇಕು. ಹೊತ್ತು ಹುಟ್ಟಿದ ಮ್ಯಾಲ ಎತ್ತತೀನಿ. ಇದು ನಾ ಮಾಡಿದ್ದಲ್ಲ, ನಿಮ್ಮ ಮನೆತನದ ಕಟ್ಟು. ಮುರೀತೀನಿ ಅಂದ್ರ ಕಾರು ಅಲ್ಲೇ ಐತಿ, ಹೋಗು. ನಾ ಕೈ ಹಿಡಿಯಂಗಿಲ್ಲ."

ಕಾರು ಅಲ್ಲೇ ಇತ್ತು. ಮೌನೇಶ ಬಾಗಿಲು ತೆರೆದುಕೊಂಡೇ ನಿಂತಿದ್ದ. ಅಂಜನಕುಮಾರ ಒಂದು ಹೆಜ್ಜೆ ಅತ್ತ ಇಟ್ಟ. ಶಿವಯ್ಯ ತಡೆಯಲಿಲ್ಲ, ನೆಲದ ಮೇಲೆ ಮಗನ ಕಾಲು ಮೂಡಿಸಿದ ಭಂಡಾರದ ಗುರುತನ್ನು ನೋಡುತ್ತ ನಿಂತಿದ್ದ, ಅಷ್ಟೇ.

ಮಾವನ ಆ ಮುಖವನ್ನು ಮೊದಲು ನೋಡಿದವಳು ಅಖಿಲಾ. "ನೀವು ಕುಂದರ್ರಿ," ಎಂದಳು. "ಮಾವನ್ನ ಈ ಮುಖದಾಗ ಬಿಟ್ಟು ಬಂದ್ರ ಅಲ್ಲಿ ನಿಮಗ ಅನ್ನ ಇಳಿಯಂಗಿಲ್ಲ. ನಂಗ ಡ್ಯೂಟಿಗೆ ಹಾಜರಾಗಲೇಬೇಕು, ನಾ ಹೋಗಿರ್ತೀನಿ. ನೀವು ಬೇರೆ ಟಿಕೆಟ್ ಮಾಡ್ಕೊಂಡು ಬರ್ರಿ."

"ಖಾಲಿ ಮನಿ?"

"ಲೈಟ್ ಹಚ್ಕೊಂಡು ಕುಂದರ್ತೀನಿ," ಎಂದಳು. ಆಮೇಲೆ ಅವಳಿಗೇ ನೆನಪಾಯಿತು, ಬಲ್ಬೂ ಇಲ್ಲ, ಬ್ಯಾಟರಿ ಗದ್ದುಗೆಯವನ ಹಣೆಯ ಮೇಲಿದೆ.

ಡೇರೆ, ಹಾಸಿಗೆ, ಒಲೆ ಎಲ್ಲವೂ ಕಂಬಳಿಯ ಮೇಲೆ, ದೇವರ ಸ್ವಾಧೀನ. ಅಖಿಲಾ ಒಳಗೆ ಹೋಗಿ ಟ್ರಂಕು ತೆರೆದು, ಉಳಿದಿದ್ದ ಒಂದೇ ಒಂದು ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಬಿಳಿ ಅಂಚಿನ ಆ ರಾಯಚೂರು ಪಾಲಿಯೆಸ್ಟರು. ಕಂಬಳಿ ಬಿಟ್ಟ ಜಾಗಕ್ಕೆ ಮೈಲಮ್ಮ ಕುಕ್ಕರನ್ನೂ ಸೀರೆಗಳನ್ನೂ ತುಂಬಿಕೊಟ್ಟಳು. ಅತ್ತೆ ಮಾವನ ಕಾಲಿಗೆ ಬಿದ್ದು, ಗಂಡನ ಕಾಲಿಗೆ ಬೀಳಲು ಹೋಗಿ, ಅವನು ಮತ್ತೆ ಗದ್ದುಗೆ ಏರಿದ್ದರಿಂದ ದೂರದಿಂದಲೇ ಕೈಮುಗಿದಳು. ಕಾರು ತಿರುವು ದಾಟುವವರೆಗೂ ಹಿಂದಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಅಂಜನಕುಮಾರ ಅತ್ತುಬಿಟ್ಟ. ಕಣ್ಣೀರಿಗೆ ಭಂಡಾರ ಕಲೆತು ಕೆನ್ನೆಯ ಮೇಲೆ ಹಳದಿ ಗೆರೆ ಇಳಿಯಿತು.

"ಅಣ್ಣಾ, ನಿನ್ನ ಮಾತು ಖರೇ ಆತು ನೋಡು," ಎಂದ ಎಂಕಪ್ಪ ಶಿವಯ್ಯನಿಗೆ. "ಹೆಂಡ್ತೀನ ಬಿಟ್ಟ, ಕಂಬಳಿ ಬಿಡಲಿಲ್ಲ."

ಹಾಗೆಂದು ಅವನು ಮನೆಗೆ ಹೋದ.

ಪೂಜಾರಿಯೂ ಹೊರಟ. ಅಂಜನಕುಮಾರ ಅವನನ್ನು ತಡೆದು ಕಿವಿಯಲ್ಲಿ ಏನೋ ಕೇಳಿದ. "ಹಿತ್ತಲಕ್ಕೇನು? ಅದಕ್ಕ ರಜಾ ಐತಲ್ಲ," ಎಂದ ವೆಂಕಟಯ್ಯ. "ಎಡಕ್ಕ ಇಳಿದು ಹೋಗಿ, ಕಾಲು ತೊಳ್ಕೊಂಡು ಬಲಕ್ಕ ಏರು. ನಮ್ಮ ಬೀರಪ್ಪ ಅಷ್ಟು ಕಟುಕ ಅಲ್ಲ. ಮುಂಜಾನಿಂದ ಹಂಗ ಕುಂತಿದ್ದೇನು?"

ಅಂಜನಕುಮಾರ ಆಗಲೇ ಎಡಕ್ಕೆ ಇಳಿದು ಓಡಿದ್ದ.

ಹೊತ್ತು ಮುಳುಗಿತು. ಗಾಳಿ ಹಾಸಿಗೆ ಪೂರ್ತಿ ಇಳಿದು ಹಪ್ಪಳವಾಗಿತ್ತು. ಅದನ್ನು ಸರಿಸಿ ಅವನು ಮೊದಲ ಬಾರಿಗೆ ಕಂಬಳಿಯ ಮೇಲೇ ಮೈಚಾಚಿದ. ಚುಚ್ಚಿತು, ಆದರೆ ಬೆಚ್ಚಗಿತ್ತು. ಕುರಿಯ ವಾಸನೆ, ಹೊಗೆಯ ವಾಸನೆ, ಅಪ್ಪನ ವಾಸನೆ ಎಲ್ಲ ಅದರಲ್ಲಿತ್ತು. ಶಿವಯ್ಯ ತನ್ನ ಹಗ್ಗದ ಹೊರಸು ಎಳೆದು ತಂದು ಗದ್ದುಗೆಯ ಪಕ್ಕಕ್ಕೆ ಹಾಕಿಕೊಂಡ. ಕೆರೆಯ ಕಡೆ ಎಲ್ಲೋ ಒಂದು ನರಿ ಕೂಗಿತು.

"ಟಗರು ಬಿಚ್ಚಿ ಬಿಡ್ಲೇನು?" ಎಂದ ಶಿವಯ್ಯ.

ಮಗನಿಗೆ ನಗು ಬಂತು. ಅಪ್ಪನೂ ನಕ್ಕ. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಝಾನ್ಸಿ ಮಾತು ರೆಕಾರ್ಡು ಮಾಡಿ ಕಳಿಸಿದ್ದಳು. ಅಂಜನಕುಮಾರ ಗುಂಡಿ ಒತ್ತಿ ಕಿವಿಗೆ ಹಿಡಿದ.

"ಅಣ್ಣಾ, ಅಖಿಲಾ ಫೋನ್ ಎತ್ತವಲ್ಲಳು, ಅದಕ್ಕ ನಿಮಗ ಹೇಳಾಕತ್ತೀನಿ. ಮನಿ ಮಾಲಕ ಬಾಳ ಚಲೋ ಮನುಷ್ಯ. ಇವತ್ತ ಮಂಚ, ಹಾಸಿಗಿ, ಒಲಿ, ಲೈಟು ಎಲ್ಲಾ ತಂದು ಹಾಕ್ಯಾನ. ಆ ಡೇರೆ ಪಾರೆ ಏನೂ ಹೊತ್ಕೊಂಡು ಬರಬ್ಯಾಡ್ರಿ. ಇಲ್ಲಿ ಎಲ್ಲಾ ಐತಿ. ಬರೇ ನೀವಿಬ್ರು ಬಂದ್ರ ಸಾಕು."

"ಏನಂತ?" ಎಂದ ಶಿವಯ್ಯ ಹೊರಸಿನಿಂದ.

"ಏನಿಲ್ಲಪ್ಪ," ಎಂದು ಅಂಜನಕುಮಾರ ಹಣೆಯ ಬ್ಯಾಟರಿ ಆರಿಸಿದ.